ಉಮ್ಮು ಸಲಮಾರ ಕಣ್ಣೀರು ಮತ್ತು ಒಂದು ದುಆ

ಮರಣದ ಮನೆಗೆ ಹೋದರೆ ನಮಗೆ ಮಾತೇ ಹೊರಡುವುದಿಲ್ಲ. ಇನ್ನಾ ಲಿಲ್ಲಾಹಿ ಹೇಳ್ತೇವೆ, ಸಬರ್ ಮಾಡಿ ಅಂತೇವೆ, ಸ್ವಲ್ಪ ಹೊತ್ತು ಕೂತು ಬರುತ್ತೇವೆ. ಅದರ ಜೊತೆಗೇ ಹೇಳಬೇಕಾದ ಒಂದು ದುಆವನ್ನು ಪ್ರವಾದಿ(ಸ) ಕಲಿಸಿದ್ದಾರೆ. ಅದನ್ನು ನಮಗೆ ತಲುಪಿಸಿದವರು ಗಂಡನನ್ನು ಕಳೆದುಕೊಂಡ ಒಬ್ಬ ತಾಯಿ, ಉಮ್ಮು ಸಲಮಾ(ರ).

ಅವರ ಹೆಸರು ಹಿಂದ್. ಮಕ್ಕಾದ ಮಖ್‌ಝೂಮ್ ಗೋತ್ರದ ಮಗಳು. ಗಂಡ ಅಬೂ ಸಲಮಾ(ರ) ಪ್ರವಾದಿಯವರ ಸೋದರತ್ತೆಯ ಮಗ. ಇಬ್ಬರೂ ಆರಂಭದಲ್ಲೇ ಇಸ್ಲಾಂ ಸ್ವೀಕರಿಸಿ, ಮಕ್ಕಾದವರ ಹಿಂಸೆ ತಾಳಲಾರದೆ ಅಬಿಸೀನಿಯಾಕ್ಕೂ ಹೋಗಿ ಬಂದವರು.

ಮದೀನಾಕ್ಕೆ ಹಿಜ್‌ರತ್ ಹೊರಟಾಗ ತವರಿನವರು ಉಮ್ಮು ಸಲಮಾರನ್ನು ತಡೆದು ಇಟ್ಟುಕೊಂಡರು. ಹಾಗಾದರೆ ಮಗು ನಮ್ಮದು ಅಂತ ಗಂಡನ ಕಡೆಯವರು ಬಂದರು. ಆ ಎಳೆದಾಟದಲ್ಲಿ ಪುಟ್ಟ ಸಲಮಾನ ಕೈಯ ಕೀಲೇ ತಪ್ಪಿತು. ಗಂಡ ಮದೀನಾದಲ್ಲಿ, ಮಗು ಇನ್ನೊಬ್ಬರ ಮನೆಯಲ್ಲಿ, ತಾಯಿ ಒಂಟಿ. ಸುಮಾರು ಒಂದು ವರ್ಷ ಅವರು ದಿನಾ ಅಬ್ತಹ್ ಬಯಲಿಗೆ ಹೋಗಿ ಸಂಜೆವರೆಗೆ ಅಳುತ್ತಿದ್ದರು. ಕೊನೆಗೆ ಸಂಬಂಧಿಕರೊಬ್ಬರು ಕನಿಕರಪಟ್ಟು ಬಿಡಿಸಿದರು. ಮಗುವನ್ನು ಎತ್ತಿಕೊಂಡು ಒಂಟೆಯ ಮೇಲೆ ಒಬ್ಬರೇ ಹೊರಟವರಿಗೆ, ಆಗಿನ್ನೂ ಮುಸ್ಲಿಮರಾಗಿರದ ಉಸ್ಮಾನ್ ಬಿನ್ ತಲ್ಹಾ ಕುಬಾದವರೆಗೂ ಜೊತೆ ನಡೆದು ದಾರಿ ತೋರಿಸಿದರು.

ಕೂಡಿ ಬಾಳಿದ್ದು ಕೆಲವೇ ವರ್ಷ. ಉಹುದ್ ಯುದ್ಧದಲ್ಲಿ ಅಬೂ ಸಲಮಾರಿಗೆ ಗಾಯವಾಯಿತು. ವಾಸಿಯಾಯ್ತು ಅಂದುಕೊಂಡಿದ್ದ ಗಾಯ ಮತ್ತೆ ಬಿರಿದು, ಹಿಜರಿ 4ರಲ್ಲಿ ಅವರು ಕಣ್ಣು ಮುಚ್ಚಿದರು. ತೆರೆದೇ ಇದ್ದ ಆ ಕಣ್ಣುಗಳನ್ನು ಮುಚ್ಚಿದ್ದು ಪ್ರವಾದಿಯವರೇ.

ಆಗ ಉಮ್ಮು ಸಲಮಾ ಆ ದುಆ ಹೇಳಿದರು. ಅಲ್ಲಾಹನೇ, ಈ ಸಂಕಟಕ್ಕೆ ನನಗೆ ಪ್ರತಿಫಲ ಕೊಡು, ಹೋದದ್ದಕ್ಕಿಂತ ಒಳ್ಳೆಯದನ್ನು ಬದಲಿಗೆ ಕೊಡು ಎಂಬುದು ಅದರ ಸಾರ. ಆದರೆ ಹೇಳುವಾಗ ಮನಸ್ಸು ಕೇಳಿತು, ಅಬೂ ಸಲಮಾರಿಗಿಂತ ಒಳ್ಳೆಯವರು ಯಾರಿದ್ದಾರೆ? ಉತ್ತರ ಹೊಳೆಯಲಿಲ್ಲ. ಆದರೂ ದುಆ ಬಿಡಲಿಲ್ಲ.

ಇದ್ದತ್ ಮುಗಿದ ಮೇಲೆ ಪ್ರವಾದಿಯವರಿಂದಲೇ ಮದುವೆಯ ಪ್ರಸ್ತಾಪ ಬಂತು. ನನಗೆ ಪ್ರಾಯವಾಗಿದೆ, ಸವತಿ ಮತ್ಸರ ಜಾಸ್ತಿ, ಮಕ್ಕಳಿದ್ದಾರೆ ಅಂತ ಅವರು ಮುಚ್ಚುಮರೆಯಿಲ್ಲದೆ ಹೇಳಿದರು. ಪ್ರಾಯ ನನಗೂ ಆಗಿದೆ, ಮತ್ಸರ ದೂರವಾಗಲು ದುಆ ಮಾಡುತ್ತೇನೆ, ಮಕ್ಕಳ ಹೊಣೆ ನಮ್ಮದು ಎಂಬರ್ಥದ ಉತ್ತರ ಬಂತು. ಅಬೂ ಸಲಮಾರ ಮಕ್ಕಳು ಪ್ರವಾದಿಯವರ ಆಸರೆಯಲ್ಲಿ ಬೆಳೆದರು.

ಹಿಜರಿ 6ರಲ್ಲಿ ಹುದೈಬಿಯಾ ಒಪ್ಪಂದವಾದಾಗ, ಉಮ್ರಾ ಮಾಡದೆ ಮರಳಬೇಕಾದ ಸಹಾಬಿಗಳು ದುಃಖದಿಂದ ಎದ್ದೇಳದೆ ಕೂತುಬಿಟ್ಟರು. ಯಾರೊಂದಿಗೂ ಮಾತಾಡದೆ ತಾವೇ ಮೊದಲು ಬಲಿ ಕೊಟ್ಟು ತಲೆ ಬೋಳಿಸಿಕೊಳ್ಳಿ ಅಂತ ಉಮ್ಮು ಸಲಮಾ ಪ್ರವಾದಿಯವರಿಗೆ ಸಲಹೆ ಕೊಟ್ಟರು. ಹಾಗೇ ಮಾಡಿದಾಗ ಎಲ್ಲರೂ ಎದ್ದರು. ದುಃಖ ಉಂಡವರಿಗಷ್ಟೇ ದುಃಖದಲ್ಲಿ ಇರುವವರ ಮನಸ್ಸು ಗೊತ್ತಾಗುತ್ತದೆ ಅಂತ ನಮಗೆ ಅನಿಸುತ್ತದೆ.

ಮದೀನಾದ ಬಕೀಅ್‌ನಲ್ಲಿ ಅವರ ಕಬರ್ ಇದೆ. ಅಳುವುದು ಸಬರ್‌ಗೆ ವಿರುದ್ಧ ಅಂತ ನಮ್ಮಲ್ಲಿ ಕೆಲವರು ಗದರಿಸುವುದುಂಟು. ವರ್ಷವಿಡೀ ಅತ್ತ ಈ ತಾಯಿಯನ್ನು ಅವರು ನೆನೆಯಲಿ. ಮನಸ್ಸು ಪೂರ್ತಿ ಒಪ್ಪಿದ ಮೇಲೇ ದುಆ ಮಾಡಬೇಕು ಅಂತೇನೂ ಇಲ್ಲ. ಒಡೆದ ಮನಸ್ಸಿನಿಂದಲೇ ಕೈ ಎತ್ತಬಹುದು. ಆ ಕೈಗಳನ್ನೂ ಅಲ್ಲಾಹ್ ನೋಡುತ್ತಾನೆ.