ಪ್ರಿನ್ಸಿಪಾಲ್ ವಿದ್ಯಾಸಾಗರ

ಈಶ್ವರಚಂದ್ರ ವಿದ್ಯಾಸಾಗರ ಎಂದರೆ 1856ರ ವಿಧವಾ ವಿವಾಹ ಕಾಯ್ದೆ. ಪರೀಕ್ಷೆಗೆ ಅಷ್ಟು ಗೊತ್ತಿದ್ದರೆ ಸಾಕು. ಆದರೆ ನನಗೆ ಹೆಚ್ಚು ಇಷ್ಟವಾದದ್ದು ಅವರು ಪ್ರಿನ್ಸಿಪಾಲರಾಗಿದ್ದ ಕಾಲದ ಕಥೆ. ಪ್ರಿನ್ಸಿಪಾಲರ ಕೆಲಸವೆಂದರೆ ಸಹಿ, ಹಾಜರಿ, ಫೀಸು, ರಜೆ ಎಂದೇ ನಾವು ವಿದ್ಯಾರ್ಥಿಗಳು ತಿಳಿದಿರುತ್ತೇವಲ್ಲವೇ? ಅವರ ಮೇಜಿನ ಮೇಲೂ ಅದೆಲ್ಲ ಇತ್ತು.

1820ರಲ್ಲಿ ಬಂಗಾಳದ ಬೀರ್‌ಸಿಂಹ ಎಂಬ ಹಳ್ಳಿಯ ಬಡ ಕುಟುಂಬದಲ್ಲಿ ಹುಟ್ಟಿದ ಅವರು ಓದಿದ್ದು ಕಲ್ಕತ್ತೆಯ ಸಂಸ್ಕೃತ ಕಾಲೇಜಿನಲ್ಲಿ. 1846ರಲ್ಲಿ ಅಲ್ಲಿಗೇ ಸಹಾಯಕ ಕಾರ್ಯದರ್ಶಿಯಾಗಿ ಬಂದರು. ಪಾಠಕ್ರಮ ಸುಧಾರಿಸಲು ಹೊರಟಾಗ ಮೇಲಿದ್ದ ಕಾರ್ಯದರ್ಶಿ ಒಪ್ಪಲಿಲ್ಲ. ಮರುವರ್ಷವೇ ಕೆಲಸ ಬಿಟ್ಟರು. 1850ರ ಕೊನೆಗೆ ಸಾಹಿತ್ಯದ ಪ್ರಾಧ್ಯಾಪಕರಾಗಿ ಮರಳಿ ಬಂದು, ಕಾಲೇಜು ಹೇಗಿರಬೇಕೆಂದು ಸರ್ಕಾರಕ್ಕೆ ವರದಿ ಬರೆದುಕೊಟ್ಟರು. 1851ರ ಜನವರಿಯಲ್ಲಿ ಅವರೇ ಪ್ರಿನ್ಸಿಪಾಲರಾದರು.

ಕುರ್ಚಿಯಲ್ಲಿ ಕುಳಿತವರು ತರಗತಿಯನ್ನು ಮರೆಯಲಿಲ್ಲ. ಹುಡುಗರು ಸಂಸ್ಕೃತ ವ್ಯಾಕರಣವನ್ನು ಸಂಸ್ಕೃತದಲ್ಲೇ, ಅರ್ಥವಾಗದೆ, ವರ್ಷಗಟ್ಟಲೆ ಬಾಯಿಪಾಠ ಮಾಡುತ್ತಿದ್ದರು. ವಿದ್ಯಾಸಾಗರರು ಬಂಗಾಳಿಯಲ್ಲಿ ಸರಳ ವ್ಯಾಕರಣ ಪುಸ್ತಕವನ್ನು ತಾವೇ ಬರೆದರು. ಇಂಗ್ಲಿಷ್ ಕಲಿಕೆಗೆ ಒತ್ತು ಕೊಟ್ಟರು. ಆಫೀಸಿನ ಆದೇಶಗಳೂ ಕಲಿಕೆಗಾಗಿಯೇ ಹೊರಟವು. ತಿಥಿ ನೋಡಿ, ಪಾಡ್ಯ ಅಷ್ಟಮಿಗಳಂದು ಕೊಡುತ್ತಿದ್ದ ರಜೆ ಭಾನುವಾರಕ್ಕೆ ಬಂತು. ಬೇಸಿಗೆ ರಜೆಯೂ ಆಗಲೇ ಬಂದದ್ದು (ಇದಕ್ಕಾದರೂ ನಾವು ಅವರಿಗೆ ಕೈ ಮುಗಿಯಬೇಕು!). ಬ್ರಾಹ್ಮಣ ಮತ್ತು ವೈದ್ಯ ಜಾತಿಯ ಹುಡುಗರಿಗೆ ಮಾತ್ರ ಇದ್ದ ಪ್ರವೇಶವನ್ನು ಮೊದಲು ಕಾಯಸ್ಥರಿಗೆ, ಆಮೇಲೆ ಇತರ ಹಿಂದೂ ಜಾತಿಗಳವರಿಗೂ ತೆರೆದರು. ಪ್ರವೇಶದ ನಿಯಮ ಬದಲಾಯಿಸುವುದು ಕಾಗದದ ಕೆಲಸವೇ ಇರಬಹುದು, ಆದರೆ ಎಷ್ಟು ದೊಡ್ಡ ಕೆಲಸ!

1855ರಲ್ಲಿ ಇನ್ನೊಂದು ಹೊರೆ ಬಂತು. ಪ್ರಿನ್ಸಿಪಾಲ್ ಹುದ್ದೆಯ ಜೊತೆಗೇ ನಾಲ್ಕು ಜಿಲ್ಲೆಗಳ ಶಾಲಾ ಇನ್‌ಸ್ಪೆಕ್ಟರ್ ಕೆಲಸ. ಪಲ್ಲಕ್ಕಿಯಲ್ಲಿ ಊರೂರು ಸುತ್ತಬೇಕಿತ್ತು. ಶಾಲೆ ತೆರೆದರೆ ಮೇಷ್ಟ್ರು ಎಲ್ಲಿಂದ ಬರಬೇಕು? ಅದಕ್ಕೆ ಶಿಕ್ಷಕರ ತರಬೇತಿ ಶಾಲೆ ಆರಂಭಿಸಿದರು. ಬಂಗಾಳದ ಮಕ್ಕಳು ಅಕ್ಷರ ಕಲಿತ 'ವರ್ಣಪರಿಚಯ' ಹೊರಬಂದದ್ದೂ ಅದೇ ವರ್ಷ. ಅದನ್ನು ಪಲ್ಲಕ್ಕಿಯಲ್ಲಿ ಕುಳಿತೇ ಬರೆದರೆಂದು ಹೇಳುತ್ತಾರೆ.

ಕೊನೆಗೆ ತೊಡಕಾದದ್ದು ಹಣದ ವಿಷಯ. 1857ರ ನವೆಂಬರಿನಿಂದ ಮುಂದಿನ ಮೇ ತಿಂಗಳೊಳಗೆ ಅವರು 35 ಹೆಣ್ಣುಮಕ್ಕಳ ಶಾಲೆಗಳನ್ನು ತೆರೆದರು. ಸುಮಾರು 1300 ಹುಡುಗಿಯರು ಸೇರಿದರು. ಮೇಲಿನವರ ಬೆಂಬಲವಿದೆ ಎಂದು ನಂಬಿ ಮುಂದುವರಿದಿದ್ದರು, ಆದರೆ ಭಾರತ ಸರ್ಕಾರ ಹಣ ಮಂಜೂರು ಮಾಡಲಿಲ್ಲ. ಶಿಕ್ಷಕರ ಸಂಬಳ ಮೂರು ಸಾವಿರ ರೂಪಾಯಿಗೂ ಹೆಚ್ಚು ಬಾಕಿ ನಿಂತಿತು. ಬಹಳ ಪತ್ರವ್ಯವಹಾರದ ಮೇಲೆ ಬಾಕಿ ಸಂದಾಯವಾಯಿತು, ಮುಂದಿನ ಖರ್ಚಿಗೆ ಮಾತ್ರ ದುಡ್ಡಿಲ್ಲ. ಶಿಕ್ಷಣ ಇಲಾಖೆಯ ನಿರ್ದೇಶಕ ಗಾರ್ಡನ್ ಯಂಗ್ ಜೊತೆಗೂ ಹೊಂದಿಕೆಯಾಗಲಿಲ್ಲ. 1858ರಲ್ಲಿ ರಾಜೀನಾಮೆ ಕೊಟ್ಟರು. ಎರಡೂ ಹುದ್ದೆ ಸೇರಿ ತಿಂಗಳಿಗೆ 500 ರೂಪಾಯಿ ಬರುತ್ತಿತ್ತು. ಆ ಕಾಲಕ್ಕೆ ಅದು ಬಹಳ ದೊಡ್ಡ ಸಂಬಳ.

ದುಡುಕಿದರು ಎನ್ನುವವರು ಇರಬಹುದು. ನನಗೆ ಹಾಗನ್ನಿಸುವುದಿಲ್ಲ. ಕಡತ ನೋಡಿಕೊಂಡು ಸುಮ್ಮನೆ ಕೂರುವುದಾಗಿದ್ದರೆ ಅವರು ಇನ್ನೂ ಎಷ್ಟೋ ವರ್ಷ ಅಲ್ಲೇ ಇರಬಹುದಿತ್ತು. ಅವರು ಚಂದಾ ಎತ್ತಿ ಹುಡುಗಿಯರ ಶಾಲೆಗಳನ್ನು ನಡೆಸಲು ಹೊರಟರು. ಮುಂದೆ ಮೆಟ್ರೊಪಾಲಿಟನ್ ಇನ್‌ಸ್ಟಿಟ್ಯೂಷನ್ ಎಂಬ ಖಾಸಗಿ ಶಾಲೆಯ ಹೊಣೆ ಹೊತ್ತು, ಭಾರತೀಯ ಅಧ್ಯಾಪಕರನ್ನೇ ಇಟ್ಟುಕೊಂಡು ಅದನ್ನು ಕಾಲೇಜಾಗಿ ಬೆಳೆಸಿದರು. 1891ರಲ್ಲಿ ಅವರು ತೀರಿಕೊಂಡರು. ಆ ಕಾಲೇಜು ಕೋಲ್ಕತ್ತದಲ್ಲಿ ಈಗಲೂ ನಡೆಯುತ್ತಿದೆ, ವಿದ್ಯಾಸಾಗರ ಕಾಲೇಜು ಎಂಬ ಹೆಸರಿನಲ್ಲಿ.