ಸಣ್ಣ ಪಣದ ಲೆಕ್ಕ

ನ್ಯೂಜೆರ್ಸಿಗೆ ಪ್ರವಾಸ ಬಂದಿದ್ದ ಅಕ್ಕನ ಮಗನನ್ನು ಕಳೆದ ತಿಂಗಳು ಪ್ರಿನ್ಸ್‌ಟನ್‌ನ ಸ್ಮಶಾನಕ್ಕೆ ಕರೆದೊಯ್ದೆ. ಅತಿಥಿಗಳಿಗೆ ತೋರಿಸುವ ಸ್ಥಳವೇ ಅದು ಎಂದು ಮನೆಯಲ್ಲಿ ಆಕ್ಷೇಪವಿತ್ತು. ಹುಡುಗನಿಗೆ ಪೋಕರ್ ಆಟದ ಗೀಳು; ತೀರ್ಥಹಳ್ಳಿಯ ಕಡೆಯ ಅಡಿಕೆ ತೋಟವನ್ನು ಮಾರಿ ಇಲ್ಲಿಗೆ ಓದಲು ಬರುವ ಹಂಬಲ ಬೇರೆ. ಆ ಆಟಕ್ಕೆ ಗಣಿತದ ಅಡಿಪಾಯ ಹಾಕಿದ ಜಾನ್ ವಾನ್ ನ್ಯೂಮನ್ ಅವರ ಸಮಾಧಿ ಅಲ್ಲಿದೆ.

ಅವರು ಹುಟ್ಟಿದ್ದು 1903ರಲ್ಲಿ, ಬುಡಾಪೆಸ್ಟ್‌ನ ಬ್ಯಾಂಕರ್ ಒಬ್ಬರ ಮನೆಯಲ್ಲಿ. ಮಗನ ಒಲವು ಗಣಿತದತ್ತ. ತಂದೆಗೋ ಸಂಪಾದನೆಯ ವಿದ್ಯೆ ಬೇಕು. ಈ ಜಗ್ಗಾಟ ನಮ್ಮವರಿಗಷ್ಟೇ ಮೀಸಲಲ್ಲ ನೋಡಿ. ಆತ ಎರಡನ್ನೂ ಕಲಿತರು: ಜ್ಯೂರಿಕ್‌ನಲ್ಲಿ ರಾಸಾಯನಿಕ ಎಂಜಿನಿಯರಿಂಗ್, ಬುಡಾಪೆಸ್ಟ್‌ನಲ್ಲಿ ಗಣಿತದ ಡಾಕ್ಟರೇಟ್. 1928ರಲ್ಲಿ ಆಟಗಳ ಸಿದ್ಧಾಂತದ ಪ್ರಬಂಧ ಪ್ರಕಟವಾಯಿತು. 1944ರಲ್ಲಿ, ವಿಯೆನ್ನಾದಿಂದ ವಲಸೆ ಬಂದಿದ್ದ ಅರ್ಥಶಾಸ್ತ್ರಜ್ಞ ಆಸ್ಕರ್ ಮಾರ್ಗೆನ್‌ಸ್ಟರ್ನ್ ಅವರೊಡನೆ ಬರೆದ ಹೆಬ್ಬೊತ್ತಿಗೆಯಲ್ಲಿ ಪೋಕರ್ ಕುರಿತೇ ವಿಸ್ತಾರವಾದ ಭಾಗವಿದೆ. ಅಲ್ಲಿ ಆಟಗಾರನಿಗಿರುವುದು ಎರಡೇ ಪಣ, ಒಂದು ದೊಡ್ಡದು, ಒಂದು ಸಣ್ಣದು. ಕೆಟ್ಟ ಎಲೆ ಬಂದಾಗಲೂ ಒಮ್ಮೊಮ್ಮೆ ದೊಡ್ಡ ಪಣ ಹೂಡದಿದ್ದರೆ ಒಳ್ಳೆಯ ಎಲೆಗೆ ಬೆಲೆ ಸಿಗದೆಂದು ಅವರು ಸಾಧಿಸಿದರು. ಬ್ಲಫ್ ಎಂಬುದು ಎದೆಗಾರಿಕೆಯಲ್ಲ, ಲೆಕ್ಕ.

ಆ ತಳಹದಿಯ ಮೇಲೆ ಮುಂದಿನವರು ಅತಿ ಸಣ್ಣ ಪಣದ ಗುಟ್ಟನ್ನೂ ಬಿಡಿಸಿದರು. ಮೇಜಿನ ನಡುವೆ 100 ಡಾಲರ್ ಇದೆ, ನಾನು ಬರೀ 10 ಹೂಡಿದೆ ಎನ್ನಿ. ಎದುರಾಳಿ 10 ಕೊಟ್ಟು 110 ಗೆಲ್ಲಬಹುದು. 12 ಸಲಕ್ಕೆ ಒಮ್ಮೆ ಗೆದ್ದರೂ ಅವನಿಗೆ ನಷ್ಟವಿಲ್ಲ. ಆದ್ದರಿಂದ ಅವನು ಬಡಕಲು ಎಲೆ ಹಿಡಿದೂ ಹಿಂಬಾಲಿಸಲೇಬೇಕು. 11ರಲ್ಲಿ ಒಂದಕ್ಕಿಂತ ಹೆಚ್ಚು ಸಲ ಎಲೆ ಕೆಳಗಿಟ್ಟರೆ ನನ್ನ ಸುಳ್ಳಿಗೂ ಲಾಭ. ಅದೇ 100 ಹೂಡಿದ್ದರೆ ಅರ್ಧದಷ್ಟು ಸಲ ಅವನು ನಿಶ್ಚಿಂತೆಯಿಂದ ಹಿಂದೆ ಸರಿಯಬಹುದಿತ್ತು. ಆದರೆ ಸಣ್ಣ ಪಣ ಹೂಡುವವನು ಸುಳ್ಳನ್ನೂ ಮಿತವಾಗಿಯೇ ಹೇಳಬೇಕು: 12 ಪಣಗಳಲ್ಲಿ ಒಂದು. ಎದುರಾಳಿಗೆ ಮುಂದಿನ ಎಲೆ ಅಗ್ಗಕ್ಕೆ ದಕ್ಕುವ ಅಪಾಯವೂ ಉಂಟು.

ಇದನ್ನೆಲ್ಲ ಹುಡುಗ ನನಗಿಂತ ಚೆನ್ನಾಗಿ ಬಲ್ಲ. ಅವನಿಗೆ ತಿಳಿಯದಿದ್ದದ್ದು ವಾನ್ ನ್ಯೂಮನ್ ಅಮೆರಿಕಕ್ಕೆ ಬಂದ ಬಗೆ. 1930ರಲ್ಲಿ ಪ್ರಿನ್ಸ್‌ಟನ್‌ಗೆ ಬಂದಾಗ ಅವರು ಬರ್ಲಿನ್‌ನ ಹುದ್ದೆಯನ್ನು ಬಿಡಲಿಲ್ಲ. ವರ್ಷದ ಒಂದು ಭಾಗ ಇಲ್ಲಿ, ಒಂದು ಭಾಗ ಅಲ್ಲಿ. 1933ರಲ್ಲಿ ನಾಜಿಗಳು ಅಧಿಕಾರ ಹಿಡಿದ ಮೇಲೆ ಆ ಹುದ್ದೆ ತೊರೆದು, ಇಲ್ಲಿನ ಉನ್ನತ ಅಧ್ಯಯನ ಸಂಸ್ಥೆಯಲ್ಲಿ ನೆಲೆ ನಿಂತರು. 1937ರಲ್ಲಿ ಪೌರತ್ವ ಪಡೆದರು. 1939ರ ಹೊತ್ತಿಗೆ ತಾಯಿಯೂ ತಮ್ಮಂದಿರೂ ಬಂದು ಸೇರಿದರು. ಬ್ಯಾಂಕರನ ಮಗನಿಗೆ ಎರಡು ದೋಣಿಯ ಪಯಣ ಸುಲಭವಿದ್ದಿರಬೇಕು, ನಮ್ಮಂಥವರಿಗೆ ಹೇಗಾದೀತು ಎಂದು ಹುಡುಗ ಕೇಳಿದ. ಅದು ನ್ಯಾಯವಾದ ಪ್ರಶ್ನೆಯೇ.

ಮುಂದೆ ಅವರು ಅಣುಬಾಂಬಿನ ಕೆಲಸದಲ್ಲಿ ತೊಡಗಿದ್ದು ನನ್ನ ಮನಸ್ಸಿಗೆ ಇಂದಿಗೂ ಒಗ್ಗದ ಸಂಗತಿ. ಕಂಪ್ಯೂಟರಿನ ವಿನ್ಯಾಸದಲ್ಲಿ ಅವರ ಹೆಸರು ಉಳಿದಿದೆ. 1957ರ ಫೆಬ್ರುವರಿ 8ರಂದು, ವಾಷಿಂಗ್ಟನ್‌ನ ಸೇನಾ ಆಸ್ಪತ್ರೆಯಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡಾಗ ಅವರಿಗೆ 53 ವರ್ಷ.

ಹಿಂತಿರುಗುವ ದಾರಿಯಲ್ಲಿ ಹುಡುಗ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, ತೋಟವನ್ನು ಮಾರದೆ ಒಂದು ವರ್ಷದ ಫಸಲನ್ನಷ್ಟೇ ಚೇಣಿಗೆ ಕೊಟ್ಟರೆ ಎಷ್ಟು ಸಿಕ್ಕೀತು ಎಂದು ಕೇಳಿದ. ಊರು ಬಿಟ್ಟು ಇಪ್ಪತ್ತು ವರ್ಷವಾದ ನನಗೇನು ಗೊತ್ತು? ಅಮ್ಮನಿಗೆ ಫೋನ್ ಮಾಡು ಎಂದೆ.