ಅಂಗಳದ ಮನೆಗಳ ವಾಸ್ತುಶಿಲ್ಪಿ

ಅನ್ನ ಬಟ್ಟೆಗಳಂತೆಯೇ ಮನೆಯೂ ಮನುಷ್ಯನಿಗೆ ಅಗತ್ಯ. ಹೊಟ್ಟೆಪಾಡಿಗಾಗಿ ಪಟ್ಟಣ ಸೇರಿದ ಬಡವನಿಗೆ ಅನ್ನ ಹೇಗೋ ದೊರೆತೀತು. ಮನೆ ಮಾತ್ರ ಸುಲಭವಾಗಿ ದೊರೆಯದು. ಆಫ್ರಿಕ ಖಂಡದ ವಾಯವ್ಯದಲ್ಲಿರುವ ಮೊರಾಕೊ ದೇಶದ ಕಾಸಾಬ್ಲಾಂಕಾ ನಗರದಲ್ಲಿ ಈ ಕೊರತೆಯನ್ನು ನೀಗಿಸಲು ಶ್ರಮಿಸಿದವರು ಮಿಶೆಲ್ ಎಕೋಶಾರ್.

1905ರಲ್ಲಿ ಪ್ಯಾರಿಸ್ಸಿನಲ್ಲಿ ಜನಿಸಿದ ಎಕೋಶಾರ್ ಅಲ್ಲಿಯೇ ವಾಸ್ತುಶಿಲ್ಪವನ್ನು ಅಭ್ಯಾಸ ಮಾಡಿದರು. ತಾರುಣ್ಯದಲ್ಲಿಯೇ ಸಿರಿಯಾ ದೇಶಕ್ಕೆ ತೆರಳಿ, ಡಮಾಸ್ಕಸ್ಸಿನ ಪ್ರಾಚೀನ ಕಟ್ಟಡಗಳ ಜೀರ್ಣೋದ್ಧಾರದಲ್ಲಿ ತೊಡಗಿದರು. ಬೀದಿಗೆ ಬೆನ್ನು ಮಾಡಿ, ಒಳ ಅಂಗಳದಿಂದ ಗಾಳಿ ಬೆಳಕುಗಳನ್ನು ಪಡೆಯುವ ಮನೆಗಳ ನಡುವೆ ಅವರು ಅಲ್ಲಿ ಬಾಳಿದರು. 1946ರಲ್ಲಿ ಮೊರಾಕೊದ ನಗರಯೋಜನಾ ಇಲಾಖೆಯ ಮುಖ್ಯಸ್ಥರಾದರು. ಆಗ ಆ ನಾಡು ಫ್ರೆಂಚರ ಆಳ್ವಿಕೆಯಲ್ಲಿತ್ತು.

ಬಂದರು, ಕಾರ್ಖಾನೆಗಳು ಬೆಳೆದಂತೆ ಹಳ್ಳಿಗರು ಕೂಲಿಯನ್ನರಸಿ ಕಾಸಾಬ್ಲಾಂಕಾಕ್ಕೆ ಬಂದಿದ್ದರು. ಎಸೆದ ಡಬ್ಬಗಳ ತಗಡಿನಿಂದ ಗುಡಿಸಲು ಕಟ್ಟಿಕೊಂಡಿದ್ದರು. ತಗಡಿನ ಡಬ್ಬಕ್ಕೆ ಫ್ರೆಂಚಿನಲ್ಲಿ 'ಬಿದೋಂ' ಎಂದು ಹೆಸರು. ಆದುದರಿಂದ ಇಂತಹ ಕೇರಿಗಳು 'ಬಿದೋಂವಿಲ್' ಎನಿಸಿಕೊಂಡವು.

ಬೇಕಾದ ಮನೆಗಳು ಅಪಾರ. ಇದ್ದ ಹಣ ಅಲ್ಪ. ಎಕೋಶಾರ್ ಒಂದು ಸರಳವಾದ ಅಳತೆಯನ್ನು ಗೊತ್ತುಪಡಿಸಿದರು. ಒಂದು ಸಂಸಾರಕ್ಕೆ 8 ಮೀಟರ್ ಉದ್ದ, 8 ಮೀಟರ್ ಅಗಲದ ನಿವೇಶನ. ಅದರಲ್ಲಿ ಎರಡು ಕೋಣೆ, ಅಡುಗೆಮನೆ, ಶೌಚಗೃಹ, ತೆರೆದ ಅಂಗಳ. ಒಂದಕ್ಕೊಂದು ತಾಗಿಕೊಂಡಿದ್ದ ಈ ಒಂದಂತಸ್ತಿನ ಮನೆಗಳಿಗೆ ಗೋಡೆಯ ಖರ್ಚು ತಗ್ಗಿತು. ನೀರು, ಚರಂಡಿ, ಶಾಲೆ, ಮಾರುಕಟ್ಟೆ, ಮಸೀದಿಗಳಿಗೂ ಯೋಜನೆಯಲ್ಲಿ ಸ್ಥಳ ದೊರೆಯಿತು. 'ಕಾರಿಯೇರ್ ಸಾಂತ್ರಾಲ್' ಎಂಬ ಬಡಾವಣೆಯು ಇದಕ್ಕೆ ಮಾದರಿಯಾಯಿತು.

ಆದರೆ ಸೂರು ಸ್ವಾತಂತ್ರ್ಯಕ್ಕೆ ಸಮನಲ್ಲ. ಆಳುವವರಿಗೆ ಬೇರೆ ಬಡಾವಣೆ, ಆಳಿಸಿಕೊಳ್ಳುವವರಿಗೆ ಬೇರೆ ಬಡಾವಣೆ ಎಂಬ ಭೇದವನ್ನು ಈ ಯೋಜನೆ ಅಳಿಸಲಿಲ್ಲ. 1952ರ ಡಿಸೆಂಬರಿನಲ್ಲಿ ಟ್ಯುನೀಶಿಯಾದ ಕಾರ್ಮಿಕ ನಾಯಕ ಫರ್‍ಹಾತ್ ಹಶೇದರ ಹತ್ಯೆಯ ಸುದ್ದಿ ತಿಳಿದಾಗ ಇದೇ ಬಡಾವಣೆಯ ಜನ ಸಿಡಿದೆದ್ದರು. ಅನೇಕರು ಗುಂಡಿಗೆ ಬಲಿಯಾದರು. 1956ರಲ್ಲಿ ಮೊರಾಕೊ ಸ್ವತಂತ್ರವಾಯಿತು.

ಮುಂದೆ ಎಕೋಶಾರ್ ಕರಾಚಿ ವಿಶ್ವವಿದ್ಯಾಲಯದ ಆವರಣವನ್ನು ರೂಪಿಸಿದರು, 1985ರಲ್ಲಿ ನಿಧನರಾದರು. ಕಾಸಾಬ್ಲಾಂಕಾದ ನಿವಾಸಿಗಳು ಸಂಸಾರ ಬೆಳೆದಂತೆ ಮನೆಗಳ ಮೇಲೆ ಅಂತಸ್ತುಗಳನ್ನು ಏರಿಸಿದರು. ಅನೇಕರು ಅಂಗಳವನ್ನೂ ಮುಚ್ಚಿದರು. ಎಕೋಶಾರರ ಒಂದಂತಸ್ತಿನ ಮನೆ ಕಣ್ಮರೆಯಾದರೂ ಅವರು ಹಾಕಿದ ಅಳತೆಯೂ ಬೀದಿಗಳೂ ಉಳಿದಿವೆ. ಶಿಲ್ಪಿಯು ಆರಂಭಿಸಿದ ಮನೆಯನ್ನು ಪೂರ್ಣಗೊಳಿಸಿದವರು ಅದರಲ್ಲಿ ಬಾಳಿದ ಜನರೇ.